ಮಾವು ಹಣ್ಣೋ ಕಾಯೋ: ‘ಸ್ವಾಮಿ’ ಧಾರಾವಾಹಿಗೆ ಅಂಕ ಹಾಕಿದ ಕತೆ

ನಮ್ಮ ಅಕ್ಕನ ಮಗಳು ಬಿ.ಎ. ಓದುತ್ತಿದ್ದಾಳೆ. ಕಾಲೇಜಿನಲ್ಲಿ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. ಒಂದು ಕಾದಂಬರಿ ಓದಬೇಕು, ಅದರಿಂದ ಬಂದ ಸಿನಿಮಾನೋ ಧಾರಾವಾಹಿಯನ್ನೋ ನೋಡಬೇಕು, ಎರಡನ್ನೂ ತೂಗಿ ಬರೆಯಬೇಕು. ಅವಳು ಆರಿಸಿಕೊಂಡದ್ದು ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’, ಮತ್ತೆ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಬಂದ ಸ್ವಾಮಿಯ ಕಂತುಗಳು. ಪುಸ್ತಕ ತೆಳ್ಳಗಿದೆ ಅನ್ನೋದೇ ಮುಖ್ಯ ಕಾರಣ. ಅದನ್ನೇನೂ ಅವಳು ಮುಚ್ಚಿಡಲಿಲ್ಲ.

ಮೂರು ಪುಟ ಬರೆದಿದ್ದಳು. ಧಾರಾವಾಹಿ ವಿಪರೀತ ನಿಧಾನ, ಶಬ್ದ ಸರಿಯಿಲ್ಲ, ಚಿತ್ರ ಮಸುಕು, ನಟನೆ ಸ್ಕೂಲ್ ಡೇ ನಾಟಕದ ಹಾಗಿದೆ, ಕಾದಂಬರಿಯ ಹಾಸ್ಯ ಬಂದೇ ಇಲ್ಲ. ಹತ್ತಕ್ಕೆ ನಾಲ್ಕು ಅಂಕ. ಇಷ್ಟನ್ನು ಅವಳ ರೂಮಿನಲ್ಲೇ ಓದಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಹಾಲಿನಲ್ಲಿ ನಮ್ಮ ಅಪ್ಪನ ಎದುರಿಗೆ ಜೋರಾಗಿ ಓದಿದಳು.

ಅಪ್ಪ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು.

‘ನಾಲ್ಕಾ? ಹತ್ತಕ್ಕೆ ಹತ್ತು ಕೊಟ್ಟರೂ ಕಮ್ಮಿ ಕಣಮ್ಮ ಅದಕ್ಕೆ.’

‘ತಾತ, ನೀವು ಅದನ್ನ ಈಗ ನೋಡಿಲ್ಲ.’

‘ನೀನು ಅದನ್ನ ಕಣ್ಣು ಬಿಟ್ಟೇ ನೋಡಿಲ್ಲ.’

ಅಸೈನ್‌ಮೆಂಟ್ ಒಪ್ಪಿಸೋಕೆ ಇನ್ನೂ ಹನ್ನೆರಡು ದಿನ ಇತ್ತು. ‘ಮಾವ, ನೀವೇ ಹೇಳಿ’ ಅಂತ ಅವಳು ನನ್ನ ಕಡೆ ತಿರುಗಿದಳು. ಹೀಗೆ ನ್ಯಾಯ ಹೇಳೋ ಕೆಲಸ ನನ್ನ ಕೊರಳಿಗೆ ಬಿತ್ತು. ಮನೆಯ ಒಂದು ಸಣ್ಣ ಜಗಳ ಇದು. ಆದರೆ ಹಳೇ ಧಾರಾವಾಹಿಯ ವಿಷಯ ಬಂದಾಗ ಎಲ್ಲರೂ ಎಡವೋದು ಹೆಚ್ಚುಕಮ್ಮಿ ಇದೇ ಜಾಗಗಳಲ್ಲಿ. ಅದಕ್ಕೇ ಇದನ್ನು ಮೊದಲಿಂದ ಬರೆದಿಡುತ್ತಿದ್ದೇನೆ.

ಮೊದಲು ಸಾಕ್ಷಿಗಳ ವಿಚಾರಣೆ ಆಯಿತು. ಹುಡುಗಿ ಧಾರಾವಾಹಿ ನೋಡಿದ್ದು ಮೊಬೈಲಿನಲ್ಲಿ, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಅದೂ ಒಂದೂವರೆ ಪಟ್ಟು ವೇಗದಲ್ಲಿ. ‘ನಿಧಾನ ಇತ್ತಲ್ಲ ಮಾವ, ಅದಕ್ಕೆ’ ಅಂದಳು. ಧಾರಾವಾಹಿಗೆ ಸಂಗೀತ ಕೊಟ್ಟ ಎಲ್. ವೈದ್ಯನಾಥನ್ ಅವರ ಆ ‘ತಾನನ’ ರಾಗವನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿಸಿ ತೋರಿಸಿದಳು. ಆಟೋ ರಿವರ್ಸ್ ಹೋಗುವಾಗ ಬರುವ ಸದ್ದಿನ ಹಾಗಿತ್ತು. ಅಪ್ಪ ಎದ್ದು ಒಳಗೆ ಹೋದರು.

ಅಪ್ಪನ ಸಾಕ್ಷಿ ಇನ್ನೂ ಮಜವಾಗಿತ್ತು. ಅವರು ಅದನ್ನು ನೋಡಿದ್ದು 1987ರಲ್ಲಿ, ಪಕ್ಕದ ಮನೆಯ ಟೀವಿಯಲ್ಲಿ. ಆಮೇಲೆ ಒಂದು ಸಲವೂ ನೋಡಿಲ್ಲ. ಕಾದಂಬರಿ ಓದೇ ಇಲ್ಲ. ‘ಯಾವ ದೃಶ್ಯ ಚೆನ್ನಾಗಿ ನೆನಪಿದೆ?’ ಅಂತ ಕೇಳಿದೆ. ಒಂದು ಕ್ಷಣವೂ ಯೋಚಿಸದೆ ಹೇಳಿದರು: ಸ್ವಾಮಿ ಅಪ್ಪನ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗ್ತಾನೆ, ಕತ್ತಲಲ್ಲಿ ದೆವ್ವ ಅಂದುಕೊಂಡು ಕಳ್ಳನ ಕಾಲು ಕಚ್ಚಿಬಿಡ್ತಾನೆ. ದೃಶ್ಯ ಏನೋ ಚೆನ್ನಾಗಿದೆ. ಆದರೆ ಅದು ಈ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಅದು ‘ಎ ಹೀರೋ’ ಅನ್ನುವ ಬೇರೆ ಸಣ್ಣಕತೆ. ಧಾರಾವಾಹಿಯಲ್ಲಿ ಅದಕ್ಕೂ ಸ್ವಾಮಿಯಾಗಿ ಅದೇ ಮಂಜುನಾಥ್, ಅಪ್ಪನಾಗಿ ಅದೇ ಗಿರೀಶ್ ಕಾರ್ನಾಡ್ ಇದ್ದದ್ದರಿಂದ ಎಲ್ಲವೂ ಅಪ್ಪನ ತಲೆಯಲ್ಲಿ ಒಂದೇ ಪಾತ್ರೆಗೆ ಬಿದ್ದು ಬೆಂದುಹೋಗಿದೆ.

ಇನ್ನು ನ್ಯಾಯಾಧೀಶನ ವಿಷಯ. ನಾನು ಧಾರಾವಾಹಿ ನೋಡಿದ್ದು ಸ್ವಾಮಿಯ ವಯಸ್ಸಿನಲ್ಲಿ, ಪುಸ್ತಕ ಓದಿದ್ದು ಪಿಯುಸಿಯಲ್ಲಿ. ಓದುವಾಗ ಉದ್ದಕ್ಕೂ ಮಂಜುನಾಥನ ಮುಖವೇ ಕಾಣುತ್ತಿತ್ತು. ಬೇರೆ ಸ್ವಾಮಿಯನ್ನು ಕಲ್ಪಿಸಿಕೊಳ್ಳೋಕೆ ನನಗೆ ಇವತ್ತಿಗೂ ಆಗುವುದಿಲ್ಲ. ಅಂದರೆ ಮೂವರಲ್ಲಿ ಒಬ್ಬರೂ ಎರಡನ್ನೂ ನೆಟ್ಟಗೆ ಎದುರಿಗಿಟ್ಟುಕೊಂಡು ನೋಡಿರಲಿಲ್ಲ.

ಹಾಗಾಗಿ ಒಂದು ಒಪ್ಪಂದ ಮಾಡಿಕೊಂಡೆವು. ರಾತ್ರಿ ಊಟ ಆದಮೇಲೆ ಹಾಲಿನ ಟೀವಿಯಲ್ಲಿ, ಮಾಮೂಲಿ ವೇಗದಲ್ಲಿ, ದಿನಕ್ಕೊಂದು ಕಂತು. ಹಗಲು ಹೊತ್ತು ಪುಸ್ತಕ ಅಪ್ಪನ ಕೈಯಲ್ಲಿ. ಮಸುಕು, ಗೊರಗೊರ ಶಬ್ದದ ಮಾತು ಎತ್ತುವಂತಿಲ್ಲ, ಯಾಕೆಂದರೆ ನಾವು ನೋಡುತ್ತಿರುವುದು ಹಳೇ ಟೇಪಿನಿಂದ ಯಾರೋ ಇಳಿಸಿದ ಪ್ರತಿ. ಅದಕ್ಕೆ ಶಂಕರ್‌ನಾಗ್ ಹೊಣೆಯಲ್ಲ. ‘ಆಗಿನ ಕಾಲದಲ್ಲಿ ಎಷ್ಟು ಚೆನ್ನಾಗಿತ್ತು’ ಅನ್ನುವ ಮಾತಿಗೂ ಅಂಕ ಇಲ್ಲ. ‘ಪುಸ್ತಕದಲ್ಲಿ ಇದೆ, ಇಲ್ಲಿ ಇಲ್ಲ’ ಅಂತ ಸುಮ್ನೆ ಪಟ್ಟಿ ಮಾಡುವಂತಿಲ್ಲ. ಏನೋ ಬಿಟ್ಟುಹೋಗಿದೆ ಅನ್ನಿಸಿದರೆ, ಆ ಜಾಗದಲ್ಲಿ ಏನು ಇಟ್ಟಿದ್ದಾರೆ ಅಂತ ಹುಡುಕಬೇಕು. ಕೊನೆಯ ಷರತ್ತು ನಾನೇ ಸೇರಿಸಿದ್ದು. ಉಳಿದವರಿಗೆ ಅದು ಅಷ್ಟೇನೂ ಇಷ್ಟ ಆಗಲಿಲ್ಲ.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಾರಾಯಣ್ 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ, ಒಂದು ನೋಟ್‌ಬುಕ್ ತೆಗೆದು ಬರೆಯಲು ಕೂತರು. ಮೊದಲು ಕಣ್ಣಿಗೆ ಬಂದದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್, ಮಾಲ್ಗುಡಿ ಅನ್ನುವ ಕಲ್ಪನೆಯ ಊರಿನದು. ಪುಸ್ತಕ ಅಚ್ಚಾಗಿದ್ದು 1935ರಲ್ಲಿ, ಲಂಡನ್ನಿನಲ್ಲಿ. ಹಸ್ತಪ್ರತಿ ಗೆಳೆಯರೊಬ್ಬರ ಮೂಲಕ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈ ಸೇರಿದ್ದರಿಂದ ಪ್ರಕಾಶಕರು ಸಿಕ್ಕಿದರು. ನಾರಾಯಣ್ ಇಟ್ಟಿದ್ದ ಹೆಸರು ‘ಸ್ವಾಮಿ, ದ ಟೇಟ್’. ಟೇಟ್ ಅಂದರೆ ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟ್, ಕ್ರಿಕೆಟ್ ಆಡುವಾಗ ಗೆಳೆಯರು ಸ್ವಾಮಿಗೆ ಕೊಟ್ಟ ಬಿರುದು. ಈಗಿನ ಹೆಸರು ಗ್ರೀನ್ ಸೂಚಿಸಿದ್ದು. ಸ್ವಾಮಿ ಮತ್ತು ಗೆಳೆಯರು ಅಂದಾಗ ಪುಸ್ತಕದ ಬಾಗಿಲು ಸ್ವಲ್ಪ ಅಗಲವಾಯಿತು, ಅಲ್ವಾ?

ಐವತ್ತು ವರ್ಷದ ಮೇಲೆ ದೂರದರ್ಶನಕ್ಕೆ ಬಂತು. ಟಿ.ಎಸ್. ನರಸಿಂಹನ್ ನಿರ್ಮಾಣ, ಶಂಕರ್‌ನಾಗ್ ನಿರ್ದೇಶನ, ಜಾನ್ ದೇವರಾಜ್ ಕಲಾ ನಿರ್ದೇಶನ, ನಾರಾಯಣ್ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಶೂಟಿಂಗ್ ಬಹುಪಾಲು ನಡೆದದ್ದು ಆಗುಂಬೆಯಲ್ಲಿ. ಮಾತು ಹಿಂದಿ. ತಮಿಳು ಮನೆಮಾತಿನ ಮೈಸೂರಿನವರು ಇಂಗ್ಲಿಷಿನಲ್ಲಿ ಬರೆದದ್ದು ಹಿಂದಿಗೆ ಬಂದು, ಮಲೆನಾಡಿನಲ್ಲಿ ಕನ್ನಡದ ನಟರ ಕೈಲಿ ಆಡಿಸಲ್ಪಟ್ಟದ್ದು. ‘ಬಾಯಿ ಹಿಂದಿ, ಮುಖ ಕನ್ನಡ’ ಅಂತ ನಮ್ಮ ಹುಡುಗಿ ಮೊದಲ ರಾತ್ರಿಯೇ ಹೇಳಿದಳು. ಅವಳ ಮೂರು ಪುಟದಲ್ಲಿ ಇಷ್ಟು ಚೆಂದದ ವಾಕ್ಯ ಒಂದೂ ಇರಲಿಲ್ಲ.

ಮೊದಲ ಜಗಳ ಮಾವಿನಹಣ್ಣಿನ ಲೆಕ್ಕದ್ದು. ಹಾಸ್ಯ ಬಂದಿಲ್ಲ ಅನ್ನೋಕೆ ಹುಡುಗಿ ಹಿಡಿದಿದ್ದ ಗಟ್ಟಿ ಪುರಾವೆ ಇದೇ.

ಕಾದಂಬರಿಯಲ್ಲಿ ಅಪ್ಪ ರಜೆಯಲ್ಲೂ ಮಗನನ್ನು ಬಿಡದೆ ಕೂರಿಸಿಕೊಂಡು ಲೆಕ್ಕ ಕೊಡುತ್ತಾನೆ. ರಾಮನ ಹತ್ತಿರ ಹತ್ತು ಮಾವಿನಹಣ್ಣು ಇವೆ, ಅವಕ್ಕೆ ಹದಿನೈದಾಣೆ ಬರಬೇಕು ಅಂತ ಅವನ ಆಸೆ. ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಹಣ್ಣು. ಕೃಷ್ಣ ಎಷ್ಟು ಕೊಡಬೇಕು? ಸ್ವಾಮಿ ಲೆಕ್ಕವನ್ನು ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ಬಾಯಲ್ಲಿ ನೀರು ಬರುತ್ತದೆ. ಈ ರಾಮ ಎಂಥವನಿರಬಹುದು? ಹದಿನೈದಾಣೆಗೆ ಹೀಗೆ ಪಟ್ಟು ಹಿಡಿದಿದ್ದಾನೆ ಅಂದರೆ ಕ್ಲಾಸಿನ ಶಂಕರನ ಥರದವನೇ ಇರಬೇಕು. ಹಾಗಾದರೆ ಕೃಷ್ಣ, ಬಟಾಣಿ ಅಂತ ಎಲ್ಲರೂ ಕರೆಯುವ ಆ ಪುಟ್ಟ ಸ್ಯಾಮ್ಯುಯೆಲ್ ಥರ. ಪಾಪ ಕೃಷ್ಣ ಅನ್ನಿಸುತ್ತದೆ. ಕೊನೆಗೆ ತಲೆಯೆತ್ತಿ, ಆ ಹಣ್ಣು ಕಳಿತಿದ್ದವಾ ಅಂತ ಅಪ್ಪನನ್ನೇ ಕೇಳುತ್ತಾನೆ. ಅಪ್ಪ ನಗು ನುಂಗಿಕೊಂಡು, ಮೊದಲು ಲೆಕ್ಕ ಮಾಡು, ಹಣ್ಣೋ ಕಾಯೋ ಆಮೇಲೆ ಹೇಳ್ತೀನಿ ಅನ್ನುತ್ತಾನೆ.

ಇದರಲ್ಲಿ ಮುಕ್ಕಾಲು ಪಾಲು ನಡೆಯುವುದು ಸ್ವಾಮಿಯ ತಲೆಯೊಳಗೆ. ಕ್ಯಾಮೆರಾ ಅಲ್ಲಿಗೆ ಹೋಗೋಕಾಗುವುದಿಲ್ಲ. ರಾಮ ಶಂಕರನ ಹಾಗೆ, ಕೃಷ್ಣ ಬಟಾಣಿಯ ಹಾಗೆ ಅನ್ನುವ ತಮಾಷೆಯನ್ನು ಯಾರ ಬಾಯಲ್ಲಿ ಹೇಳಿಸೋದು? ಸ್ವಾಮಿಯ ಬಾಯಲ್ಲಿ ಹೇಳಿಸಿದರೆ ಅವನು ಜಾಣ ಮಾತಾಡುವ ಹುಡುಗ ಆಗಿಬಿಡುತ್ತಾನೆ, ಕತೆ ಕೆಟ್ಟಿತು. ನಾರಾಯಣ್ ಬರವಣಿಗೆಯ ಗುಟ್ಟೇ ಅದು. ಹೇಳುವವನು ಸ್ವಾಮಿಯ ಅರ್ಧ ಹೆಜ್ಜೆ ಹಿಂದೆ ನಿಂತು, ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ, ಹುಡುಗನ ಯೋಚನೆಯನ್ನು ಘನಗಂಭೀರ ಸಂಗತಿಯ ಹಾಗೆ ವರದಿ ಮಾಡುತ್ತಾನೆ. ಆ ವರದಿಗಾರ ಪರದೆಯ ಮೇಲೆ ಇಲ್ಲ. ಅದು ದೊಡ್ಡ ನಷ್ಟವೇ. ಹುಡುಗಿ ಹೇಳಿದ್ದು ಅಷ್ಟರಮಟ್ಟಿಗೆ ಸರಿ.

ಹಾಗಾದರೆ ಆ ಜಾಗದಲ್ಲಿ ಏನಿದೆ? ಎರಡು ಮುಖ ಇವೆ. ಲೆಕ್ಕ ಕೇಳಿ ಮಂಜುನಾಥ ಸುಮ್ಮನಿರುತ್ತಾನೆ. ಆ ಸುಮ್ಮನಿರುವ ಹೊತ್ತಿನಲ್ಲಿ ಹುಡುಗ ಲೆಕ್ಕದ ಹೊರಗೆ ಎಲ್ಲೋ ಹೋಗಿದ್ದಾನೆ ಅಂತ ನಮಗೆ ಗೊತ್ತಾಗುತ್ತದೆ. ಎಲ್ಲಿಗೆ ಅಂತ ಗೊತ್ತಾಗುವುದಿಲ್ಲ, ಅಷ್ಟೆ. ಕಾರ್ನಾಡರ ಅಪ್ಪ ಗದರುವವನು, ಆದರೆ ಒಳಗೆ ನಗುವ ಮನುಷ್ಯ ಒಬ್ಬನಿದ್ದಾನೆ ಅಂತ ಆ ಮುಖವೇ ಹೇಳಿಬಿಡುತ್ತದೆ. ಈಗ ಒಂದೂವರೆ ಪಟ್ಟು ವೇಗದ ವಿಷಯಕ್ಕೆ ಬನ್ನಿ. ವೇಗ ಹೆಚ್ಚಿಸಿದರೆ ಮೊದಲು ಸಾಯುವುದು ಈ ಮೌನ. ಮಾತು ಉಳಿಯುತ್ತದೆ, ಮಾತಿನ ನಡುವಿನ ಜಾಗ ಹೋಗುತ್ತದೆ. ಈ ಧಾರಾವಾಹಿಯ ಹಾಸ್ಯ ಇರುವುದು ಆ ಜಾಗದಲ್ಲೇ. ಬಸ್ಸಿನಲ್ಲಿ ಒಂದು ಸಲವೂ ನಗದ ಹುಡುಗಿ ಹಾಲಿನಲ್ಲಿ ಎರಡು ಸಲ ನಕ್ಕಳು. ನಾನು ಎಣಿಸಿದೆ. ಅಪ್ಪನೂ ಎಣಿಸಿದರು ಅಂತ ಕಾಣುತ್ತದೆ.

ಆದರೂ ಇಲ್ಲಿ ಒಂದು ಮಾತು ಹೇಳಬೇಕು. ಪುಸ್ತಕದಲ್ಲಿ ಲೆಕ್ಕ ಮುಗಿಯುವುದು ಅಷ್ಟು ನಯವಾಗಿ ಅಲ್ಲ. ಅಪ್ಪ ಕಿವಿ ಹಿಂಡಿ, ಕೂರಿಸಿ, ಒಂದೊಂದೇ ಹೆಜ್ಜೆ ಎಳೆದು ಉತ್ತರ ಹೊರಡಿಸುತ್ತಾನೆ. ಕೃಷ್ಣ ಆರಾಣೆ ಕೊಡಬೇಕು ಅಂತ ಕಿರುಚಿ ಸ್ವಾಮಿ ಗೊಳೋ ಅಂತ ಅತ್ತುಬಿಡುತ್ತಾನೆ. ನಗಿಸುತ್ತಾ ನಗಿಸುತ್ತಾ ಚುಚ್ಚುವುದು ನಾರಾಯಣ್ ಕೈಚಳಕ. ಧಾರಾವಾಹಿ ನೋಡಿದವರಿಗೆ ನೆನಪಿರೋದು ಹಣ್ಣಿನ ಪ್ರಶ್ನೆ, ಅಳು ಅಲ್ಲ. ನಮ್ಮ ಅಪ್ಪನನ್ನು ಕೇಳಿದೆ. ಅವರಿಗೂ ಅಷ್ಟೆ.

ಎರಡನೇ ಪ್ರಶ್ನೆ ಎತ್ತಿದ್ದು ಅಪ್ಪನೇ. ಅವರು ಬೆಳಗ್ಗೆ ಪುಸ್ತಕ ಓದುತ್ತಿದ್ದವರು ಇದ್ದಕ್ಕಿದ್ದಂತೆ, ‘ಏನಯ್ಯಾ ಇದು, ಮಾಲ್ಗುಡಿಯಲ್ಲಿ ಇಷ್ಟು ಬಿಸಿಲಾ?’ ಅಂದರು.

ಹೌದು, ಬಿಸಿಲು. ಬೇಸಿಗೆಯಲ್ಲಿ ಮಾಲ್ಗುಡಿ ದಕ್ಷಿಣ ಭಾರತದಲ್ಲೇ ಜನ ಶಪಿಸುವ ಊರುಗಳಲ್ಲಿ ಒಂದು ಅಂತ ನಾರಾಯಣ್ ಬರೆಯುತ್ತಾರೆ. ನೆರಳಿನಲ್ಲೇ 110 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಸೆಕೆ, ಅಂದರೆ 43 ಸೆಲ್ಸಿಯಸ್. ಹನ್ನೆರಡರಿಂದ ಮೂರರವರೆಗೆ ಧೂಳು ರಸ್ತೆಯಲ್ಲಿ ಜನ ಇಲ್ಲ. ಕತ್ತೆ ನಾಯಿಗಳೂ ಗೋಡೆಯಂಚಿನ ಒಂದು ಗೇಣು ನೆರಳಿಗೆ ಸರಿಯುತ್ತವೆ. ಮಾಲ್ಗುಡಿ ಬಿಸಿಲು ತಡೆಯೋಕಾಗಲ್ಲ ಅಂತ ಯಾರಾದರೂ ಹೇಳಿದ್ದರೆ ಸ್ವಾಮಿ, ಅವನ ಗೆಳೆಯರಾದ ಮಣಿ, ರಾಜಂ ಮೂವರಿಗೂ ಆಶ್ಚರ್ಯ ಆಗುತ್ತಿತ್ತು ಅಂತ ಒಂದು ಗೆರೆ ಎಳೆದು ಮುಂದೆ ಹೋಗುತ್ತಾರೆ. ಆ ಬಿಸಿಲಿನಲ್ಲೇ ಮೂವರೂ ರಸ್ತೆಯಲ್ಲಿ ಒಂದು ಎತ್ತಿನಗಾಡಿ ತಡೆದು, ತಾವು ಸರ್ಕಾರಿ ಪೊಲೀಸರು ಅಂತ ಹೇಳಿ, ಗಾಡಿ ಹೊಡೆಯುವ ಪುಟ್ಟ ಹುಡುಗನನ್ನು ಹೆದರಿಸುತ್ತಾರೆ. ಮಕ್ಕಳ ಪುಂಡಾಟ, ಸ್ವಲ್ಪ ಕ್ರೌರ್ಯ, ತಲೆ ಕಾಯಿಸುವ ಸೂರ್ಯ. ಇದು ಪುಸ್ತಕದ ಮಾಲ್ಗುಡಿ.

ಆಗುಂಬೆಗೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮ ಮೈಸೂರಿನದು ಅದರ ಹತ್ತನೇ ಒಂದು ಭಾಗದ ಆಸುಪಾಸು. ಹೆಂಚಿನ ಮಾಡು, ಪಾಚಿ ಹಿಡಿದ ಕಲ್ಲು, ಅಗಲ ಜಗಲಿ, ತೊಟ್ಟಿ, ಮರದ ಕಂಬ, ಬೀದಿ ಕೊನೆಗೆ ಕಾಡು. ಬಯಲುಸೀಮೆಯ ಅಂಚಿನ ಒಂದು ಸೆಕೆಯ ಊರನ್ನು ಎತ್ತಿ ಘಟ್ಟದ ನೆತ್ತಿಯ ಮೇಲೆ ಇಟ್ಟ ಹಾಗೆ.

‘ಹಾಗಾದ್ರೆ ತಪ್ಪು ತಾನೇ?’ ಅಂದಳು ಹುಡುಗಿ, ಖುಷಿಯಿಂದ.

ನನಗೆ ಹಾಗನ್ನಿಸುವುದಿಲ್ಲ. 1985–86ರಲ್ಲಿ 1930ರ ಊರು ಬೇಕು ಅಂದರೆ ಎಲ್ಲಿಗೆ ಹೋಗುತ್ತೀರಿ? ಮೈಸೂರಿನಲ್ಲಿ ಕ್ಯಾಮೆರಾ ಯಾವ ಕಡೆ ತಿರುಗಿಸಿದರೂ ತಾರಸಿ ಮನೆ, ಟೀವಿ ಆಂಟೆನಾ, ಸ್ಕೂಟರು. ಸ್ಟುಡಿಯೋದಲ್ಲಿ ಬೀದಿ ಕಟ್ಟಿದ್ದರೆ ಅದು ಪ್ಲೈವುಡ್ ಅಂತ ಮೂರನೇ ಕಂತಿಗೇ ಗೊತ್ತಾಗುತ್ತಿತ್ತು. ಆಗುಂಬೆಯ ಆ ಬೀದಿ ಆಗಲೇ ಅಲ್ಲಿ ಇತ್ತು, ನಿಜವಾಗಿ ಇತ್ತು. ಅದರಲ್ಲಿ ಮಕ್ಕಳು ಓಡಿದರೆ ಓಡಿದ ಹಾಗೇ ಕಾಣುತ್ತದೆ. ಬಿಸಿಲು ಬಿಟ್ಟುಕೊಟ್ಟು ಬೀದಿ ಗಳಿಸಿದರು. ಒಳ್ಳೆಯ ವ್ಯಾಪಾರವೇ.

ಆದರೆ ಆ ವ್ಯಾಪಾರದಲ್ಲಿ ಒಂದು ಬಾಕಿ ಉಳಿಯಿತು. ನೆರಳು, ಹಸಿರು, ಹೆಂಚು ಸೇರಿ ಕತೆಯನ್ನು ತಂಪು ಮಾಡಿಬಿಟ್ಟವು. ಮೇಲೆ ಆ ರಾಗ. ನನಗೆ ಆ ರಾಗ ಪ್ರಾಣ, ಈಗಲೂ ಕೇಳಿದರೆ ಕಾಲು ತಾನೇ ತಾಳ ಹಾಕುತ್ತದೆ. ಆದರೆ ಅದು ಬಂದಾಗಲೆಲ್ಲ ‘ಬಾಲ್ಯ ಎಷ್ಟು ಸೊಗಸು’ ಅಂತ ಕಿವಿಯಲ್ಲಿ ಹೇಳುತ್ತದೆ. ಪುಸ್ತಕ ಆ ಮಾತು ಎಲ್ಲೂ ಹೇಳುವುದಿಲ್ಲ. ಪುಸ್ತಕ ಶುರುವಾಗುವುದೇ ಸೋಮವಾರ ಬೆಳಗ್ಗೆ ಕಣ್ಣು ಬಿಡೋಕೆ ಇಷ್ಟವಿಲ್ಲದ ಹುಡುಗನಿಂದ. ಅವನಿಗೆ ಹೋಮ್‌ವರ್ಕ್ ಭಯ, ಮೇಷ್ಟ್ರ ಭಯ, ಗೆಳೆಯರು ಬಿಟ್ಟುಬಿಡುವ ಭಯ. ರಾಜಂ ಜೊತೆ ಸೇರಿದ್ದಕ್ಕೆ ಉಳಿದವರು ‘ಬಾಲ’ ಅಂತ ಕರೆದಾಗ ಆಗುವ ಅವಮಾನವಂತೂ ದೊಡ್ಡವರಿಗೂ ಅರಗುವುದಿಲ್ಲ. ಧಾರಾವಾಹಿಯಲ್ಲಿ ಈ ಘಟನೆಗಳು ಇವೆ, ಆದರೆ ಅವುಗಳ ಮೇಲೆ ಬೆಲ್ಲದ ಪಾಕ ತೆಳ್ಳಗೆ ಹರಡಿದೆ. ನನ್ನ ದೊಡ್ಡ ದೂರು ಇದೇ. ನಿಧಾನ, ಮಸುಕು ಇವೆಲ್ಲ ದೂರೇ ಅಲ್ಲ.

ಜಾಗ ಬದಲಾಯಿಸಿದ್ದು ನಾರಾಯಣ್‌ಗೆ ಹೊಸದೇನೂ ಅಲ್ಲ. ಅವರ ಕಾದಂಬರಿಯಿಂದಲೇ ಬಂದ 1965ರ ‘ಗೈಡ್’ ಹಿಂದಿ ಸಿನಿಮಾದವರಿಗೆ ಅವರೇ ಮೈಸೂರು ಸುತ್ತಮುತ್ತ ತಿರುಗಿ ಜಾಗಗಳನ್ನು ತೋರಿಸಿದ್ದರು. ಆಮೇಲೆ ಸಿನಿಮಾದವರು ಹೋಗಿ ಚಿತ್ರ ತೆಗೆದದ್ದು ರಾಜಸ್ಥಾನದಲ್ಲಿ. ದಾರಿತಪ್ಪಿದ ಗೈಡ್ ಅನ್ನುವ ಅರ್ಥದ ತಲೆಬರಹ ಕೊಟ್ಟು ನಾರಾಯಣ್ ಒಂದು ಪ್ರಬಂಧವನ್ನೇ ಬರೆದರು. ಅಲ್ಲಿ ಬದಲಾದದ್ದು ಬರೀ ಭೂಪಟವಲ್ಲ, ಊರಿನ ಅಳತೆ. ಸಣ್ಣ ಊರಿನ ಸಣ್ಣ ಮನುಷ್ಯರ ಕತೆ ಅರಮನೆ ಕೋಟೆಗಳ ಮುಂದೆ ನಿಂತಿತು. ಆಗುಂಬೆಯಲ್ಲಿ ಹವಾಮಾನ ಬದಲಾಯಿತು, ಅಳತೆ ಬದಲಾಗಲಿಲ್ಲ. ಒಂದು ಬೀದಿ, ಒಂದು ಶಾಲೆ, ಒಂದು ಮನೆ. ಇವೆರಡನ್ನೂ ಪಕ್ಕದಲ್ಲಿಟ್ಟಾಗ ಶಂಕರ್‌ನಾಗ್ ಏನು ಉಳಿಸಿಕೊಂಡರು ಅಂತ ಸರಿಯಾಗಿ ಗೊತ್ತಾಗುತ್ತದೆ.

ನಡುವೆ ಒಂದು ರಾತ್ರಿ ಕರೆಂಟ್ ಹೋಗಿ ಕಂತು ಅರ್ಧಕ್ಕೆ ನಿಂತಿತು. ‘ಈಗ ನೋಡು, 1987 ಅಂದ್ರೆ ಇದು’ ಅಂತ ಅಪ್ಪ ಕತ್ತಲಲ್ಲಿ ನಗುತ್ತಿದ್ದರು. ತಮಾಷೆಯಾದರೂ ಅದರಲ್ಲಿ ವಿಷಯ ಇತ್ತು. ಇದ್ದದ್ದು ಒಂದೇ ಚಾನೆಲ್. ವಾರಕ್ಕೊಂದು ಕಂತು. ತಪ್ಪಿದರೆ ತಪ್ಪಿತು, ಹಿಂದಕ್ಕೆ ತಿರುಗಿಸುವ ಬಟನ್ ಇಲ್ಲ. ಪಕ್ಕದ ಮನೆಯಲ್ಲಿ ನೆಲದ ಮೇಲೆ ಹತ್ತು ಹನ್ನೆರಡು ಜನ, ಅದರಲ್ಲಿ ಮಾತಾಡುವವರು, ಅಳುವ ಮಗು, ಹೊತ್ತಿಹೋಗುವ ಸಾರು. ಅಂಥ ಕಡೆ ತಲುಪಬೇಕಾದ ದೃಶ್ಯ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಹಾಗಂತ ಎಲ್ಲ ನಿಧಾನಕ್ಕೂ ಇದೇ ಸಮಜಾಯಿಷಿ ಕೊಡೋಕಾಗುವುದಿಲ್ಲ. ಹುಡುಗರು ಸುಮ್ನೆ ನಡೆಯುತ್ತಾ ಹೋಗುವ, ರಾಗ ಸುಮ್ನೆ ಮೊಳಗುವ ಜಾಗಗಳು ಇವೆ. ಒಂದೆರಡು ಮೇಷ್ಟ್ರುಗಳ ಪಾತ್ರಗಳಂತೂ ರಂಗದ ಮೇಲೆ ಕೊನೆ ಸಾಲಿಗೆ ಕೇಳಿಸಬೇಕು ಅನ್ನುವಷ್ಟು ದೊಡ್ಡದಾಗಿವೆ. ಸ್ಕೂಲ್ ಡೇ ನಾಟಕ ಅಂದದ್ದು ಅವರಿಗೆ ಒಪ್ಪುತ್ತದೆ. ಮಂಜುನಾಥನಿಗೆ ಒಪ್ಪುವುದಿಲ್ಲ. ಈ ಕಂತುಗಳಿಂದಲೇ ರೂಪುಗೊಂಡ ‘ಸ್ವಾಮಿ’ ಚಿತ್ರಕ್ಕೆ ಆ ಹುಡುಗನಿಗೆ 1987ರ ಸಾಲಿನ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಪ್ರಶಸ್ತಿ ಬಂತು ಅಂತ ಅಲ್ಲ, ಅವನು ಎಲ್ಲೂ ಮುದ್ದಾಗಿ ಕಾಣೋಕೆ ಪ್ರಯತ್ನ ಪಡುವುದಿಲ್ಲ ಅಂತ ಹೇಳುತ್ತಿದ್ದೇನೆ. ಮಕ್ಕಳ ನಟನೆಯಲ್ಲಿ ಅದು ಅಪರೂಪ.

ಇನ್ನೊಂದು ಜಾಗದಲ್ಲಿ ಪುಸ್ತಕವೇ ನಮ್ಮನ್ನು ಬೆಚ್ಚಿಬೀಳಿಸಿತು. ಮಾಲ್ಗುಡಿಯ ಸರಯೂ ನದಿ ದಂಡೆಯಲ್ಲಿ ಸುಮಾರು ಎರಡು ಸಾವಿರ ಜನ ಪ್ರತಿಭಟನೆಗೆ ಸೇರುತ್ತಾರೆ. ವಿದೇಶಿ ಬಟ್ಟೆ ಸುಡುತ್ತಾರೆ. ಆ ಸಭೆಯ ತಾರೀಖು ಕಾದಂಬರಿಯಲ್ಲಿ 15 ಆಗಸ್ಟ್ 1930. ಪುಸ್ತಕ ಅಚ್ಚಾದದ್ದು 1935ರಲ್ಲಿ. ಆಗಸ್ಟ್ 15ಕ್ಕೆ ಆಗ ಯಾವ ವಿಶೇಷವೂ ಇರಲಿಲ್ಲ. ಅಪ್ಪ ಆ ಪುಟವನ್ನು ಎರಡು ಸಲ ಓದಿ ನನಗೆ ತೋರಿಸಿದರು.

ಆ ಬೆಂಕಿಗೆ ಸ್ವಾಮಿ ತನ್ನ ಟೋಪಿ ಎಸೆಯುತ್ತಾನೆ, ವಿದೇಶಿ ಅಂದುಕೊಂಡು. ಮಾರನೇ ದಿನ ಹರತಾಳ, ಶಾಲೆಯ ಮುಂದೆ ಗಲಾಟೆ. ಸ್ವಾಮಿ ಕಲ್ಲೆಸೆದು ಹೆಡ್‌ಮಾಸ್ಟರ್ ರೂಮಿನ ಗಾಜು ಒಡೆಯುತ್ತಾನೆ. ಪೊಲೀಸರು ಲಾಠಿ ಬೀಸುತ್ತಾರೆ, ಅವರ ಮುಂದಾಳು ಗೆಳೆಯ ರಾಜಂನ ಅಪ್ಪ. ಆಮೇಲೆ ಟೋಪಿಯ ಕತೆ ಮನೆಯಲ್ಲಿ ಗೊತ್ತಾಗುತ್ತದೆ. ವಿದೇಶಿಯಂತೆ, ಎರಡು ರೂಪಾಯಿ ಕೊಟ್ಟು ಖಾದಿ ಅಂಗಡಿಯಲ್ಲಿ ತಂದ ಕರೀ ಖಾದಿ ಟೋಪಿ ಅದು ಅನ್ನುತ್ತಾನೆ ಅಪ್ಪ. ಅಷ್ಟೊತ್ತು ಬಂದ ವೀರಾವೇಶದ ಗಾಳಿ ಒಂದೇ ವಾಕ್ಯದಲ್ಲಿ ಇಳಿದುಹೋಗುತ್ತದೆ.

1987ರಲ್ಲಿ, ಸ್ವಾತಂತ್ರ್ಯ ಬಂದು 40 ವರ್ಷ ಆದಮೇಲೆ, ಸರ್ಕಾರಿ ವಾಹಿನಿಯಲ್ಲಿ ಇದನ್ನು ತೋರಿಸುವಾಗ ಕಷ್ಟ ಇದೆ. ಚಳವಳಿ ತೆರೆ ಮೇಲೆ ಬಂದ ತಕ್ಷಣ ನೋಡುವವರ ಎದೆ ತಾನಾಗಿ ಉಬ್ಬುತ್ತದೆ. ಹುಡುಗ ಕಲ್ಲೆಸೆದರೆ ನಾವು ಒಳಗೊಳಗೇ ಚಪ್ಪಾಳೆ ಹೊಡೆಯುತ್ತೇವೆ. ನಾರಾಯಣ್ ಆ ಚಪ್ಪಾಳೆಗೆ ಅವಕಾಶ ಕೊಡುವುದಿಲ್ಲ. ಗಾಜು ಒಡೆಯುವ ಸದ್ದಿನ ಸುಖವೂ ದೇಶದ ಸಿಟ್ಟೂ ಹುಡುಗನ ತಲೆಯಲ್ಲಿ ಒಂದೇ ಅಂತ ತೋರಿಸಿ ಸುಮ್ಮನಾಗುತ್ತಾರೆ. ನಾವು ನೋಡುವಾಗ ಅಪ್ಪ ನೆಟ್ಟಗೆ ಕೂತರು, ಹುಡುಗಿ ಫೋನ್ ಕೆಳಗಿಟ್ಟಳು. ಇಬ್ಬರಿಗೂ ಆ ದೃಶ್ಯ ಹಿಡಿಸಿತು. ನನಗೂ ಹಿಡಿಸಿತು, ಆದರೆ ಪುಸ್ತಕದಲ್ಲಿ ಹಿಡಿಸಿದ ಕಾರಣಕ್ಕಲ್ಲ. ಇದಕ್ಕೆ ಅಂಕ ಕಳೆಯಬೇಕೋ ಕೂಡಬೇಕೋ ಅಂತ ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೋರ್ಡ್ ಹೈಸ್ಕೂಲ್ ಸೇರುವುದು, ಎಂ.ಸಿ.ಸಿ. ಅಂದರೆ ಮಾಲ್ಗುಡಿ ಕ್ರಿಕೆಟ್ ಕ್ಲಬ್ ಕಟ್ಟುವುದು, ಡ್ರಿಲ್ ಕ್ಲಾಸ್ ತಪ್ಪಿಸಿಕೊಳ್ಳೋಕೆ ಡಾಕ್ಟರ ಹತ್ತಿರ ಹೋಗುವುದು, ಹೆಡ್‌ಮಾಸ್ಟರ ಬೆತ್ತ ಕಿತ್ತೆಸೆದು ಊರು ಬಿಟ್ಟು ಓಡುವುದು, ಕಾಡಿನ ದಾರಿಯಲ್ಲಿ ಕಳೆದುಹೋಗುವುದು, ಪಂದ್ಯ ತಪ್ಪುವುದು, ರಾಜಂ ಮುನಿಸಿಕೊಳ್ಳುವುದು. ಈ ಕೊನೆಯ ಭಾಗದಲ್ಲಿ ಧಾರಾವಾಹಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಕಾಡು, ಕತ್ತಲೆ, ಒಬ್ಬನೇ ಹುಡುಗ. ಇಲ್ಲಿ ಹೊರಗಿನ ಜಗತ್ತೇ ಕತೆ ಹೇಳುತ್ತದೆ, ಆಗುಂಬೆ ತನ್ನ ಬಾಕಿಯನ್ನು ತೀರಿಸುತ್ತದೆ. ಪುಸ್ತಕದ ಆ ಪುಟಗಳಿಗಿಂತ ಪರದೆಯೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಆಮೇಲೆ ರೈಲ್ವೆ ಸ್ಟೇಷನ್. ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣವೇ ಧಾರಾವಾಹಿಯ ಮಾಲ್ಗುಡಿ ಸ್ಟೇಷನ್. ಅಲ್ಲಿಯ ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಇಲ್ಲದ ಊರಿಗೆ ಇರುವ ಸ್ಟೇಷನ್.

ರಾಜಂನ ಅಪ್ಪನಿಗೆ ವರ್ಗವಾಗಿದೆ. ಮಾತು ಬಿಟ್ಟ ಗೆಳೆಯನಿಗೆ ಸ್ವಾಮಿ ಒಂದು ಪುಸ್ತಕ ಹಿಡಿದುಕೊಂಡು ಬಂದಿದ್ದಾನೆ, ಆಂಡರ್ಸನ್ನನ ಕತೆಗಳು. ರೈಲು ಹೊರಡುತ್ತದೆ. ಪುಸ್ತಕ ಹೇಗೋ ಡಬ್ಬಿಯ ಒಳಗೆ ಹೋಗುತ್ತದೆ. ಪರದೆಯ ಮೇಲೆ ಇದನ್ನು ನೋಡುವಾಗ ನಮ್ಮ ಹಾಲಿನಲ್ಲಿ ಯಾರೂ ಮಾತಾಡಲಿಲ್ಲ. ಮಂಜುನಾಥನ ಮುಖ ಬಿಟ್ಟು ಕಣ್ಣು ಬೇರೆ ಕಡೆ ಹೋಗುವುದಿಲ್ಲ. ಹುಡುಗಿ ಮೂಗು ಒರೆಸಿಕೊಂಡು, ನೆಗಡಿ ಅಂದಳು.

ಟೀವಿ ಆಫ್ ಮಾಡಿ ಕಾದಂಬರಿಯ ಕೊನೆಯ ಪುಟವನ್ನು ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ರೈಲು ಹೋಗಿದೆ. ರಾಜಂ ನನ್ನನ್ನು ನೆನೆಸಿಕೊಳ್ಳುತ್ತಾನಾ ಅಂತ ಸ್ವಾಮಿ ಕೇಳುತ್ತಾನೆ. ಕಾಗದ ಬರೆಯುತ್ತಾನಂತೆ ಅನ್ನುತ್ತಾನೆ ಮಣಿ. ಅವನಿಗೆ ನನ್ನ ವಿಳಾಸ ಗೊತ್ತಿಲ್ಲವಲ್ಲ? ಕೇಳಿದ, ಕೊಟ್ಟಿದ್ದೇನೆ. ಸುಳ್ಳು, ಹಾಗಾದರೆ ನನ್ನ ವಿಳಾಸ ಏನು ಹೇಳು? ಮಣಿ ತಡವರಿಸುತ್ತಾನೆ. ಅದು... ಅದೇನಾದರೂ ಇರಲಿ, ಕೊಟ್ಟಿದ್ದೇನೆ. ಇದು ತಮಾಷೆಯೋ ನಿಜವೋ ಅಂತ ಸ್ವಾಮಿ ಮಣಿಯ ಮುಖ ನೋಡುತ್ತಾನೆ. ಯಾವಾಗಲೂ ಎಲ್ಲವೂ ಮುಖದ ಮೇಲೇ ಕಾಣುವ ಆ ಒರಟ ಮಣಿಯ ಮುಖದಲ್ಲಿ ಇದೊಂದು ಸಲ ಏನೂ ತಿಳಿಯುವುದಿಲ್ಲ. ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ.

ನೋಡಿ, ಪುಸ್ತಕ ಮುಗಿಯುವುದು ಒಂದು ಮುಖದ ಮೇಲೆ. ಮುಖ ತೋರಿಸುವುದು ಕ್ಯಾಮೆರಾದ ಕಸುಬು. ಆದರೂ ಈ ಒಂದು ಮುಖ ಪುಸ್ತಕದಲ್ಲೇ ಜಾಸ್ತಿ ಕಾಡುತ್ತದೆ. ಪರದೆಯ ಸ್ಟೇಷನ್ ಸ್ವಾಮಿಯದು. ಪುಸ್ತಕದ ಸ್ಟೇಷನ್ ಕೊನೆಗೆ ಮಣಿಯದು.

ಹುಡುಗಿ ಮೂರು ಪುಟ ಹರಿದುಹಾಕಿ ಎಂಟು ಪುಟ ಬರೆದಳು. ಅಂಕದ ಕಾಲಮ್ಮನ್ನೇ ಬಿಟ್ಟುಬಿಡು ಅಂದೆ. ಕಾಲೇಜಿನವರು ಕೇಳಿದ್ದಾರೆ, ಬಿಡೋ ಹಾಗಿಲ್ಲ ಅಂದಳು. ಏಳು ಹಾಕಿದಳು. ಅಪ್ಪ ಇಣುಕಿ ನೋಡಿ, ‘ಇನ್ನರ್ಧ ಸೇರಿಸು, ಕಾಡಿನ ಕಂತಿಗೆ’ ಅಂದರು. ಹತ್ತಕ್ಕೆ ಹತ್ತು ಅಂತ ಅವರು ಆಮೇಲೆ ಹೇಳಲಿಲ್ಲ. ಏಳೂವರೆ ಆಯಿತು.

ಮಾರನೇ ಬೆಳಗ್ಗೆ ಅವಳು ಕಾಲೇಜಿಗೆ ಹೊರಡುವ ಹೊತ್ತಿಗೆ ಅಪ್ಪ ಪುಸ್ತಕ ಕೈಯಲ್ಲೇ ಹಿಡಿದುಕೊಂಡು ಹಾಲಿಗೆ ಬಂದರು. ಯಾವುದೋ ಪುಟದಲ್ಲಿ ಬೆರಳು ಸಿಕ್ಕಿಸಿದ್ದರು.

‘ಅಲ್ಲಮ್ಮ, ಈ ರಾಜಂ ಒಂದ್ಸಲ ಸ್ವಾಮಿ ಮನೆಗೇ ಬಂದಿದ್ದಾನೆ. ಇಲ್ಲಿದೆ ನೋಡು. ಮನೆ ಗೊತ್ತಿರೋನಿಗೆ ವಿಳಾಸ ಯಾಕೆ ಬೇಕು?’

‘ಹಾಗಾದ್ರೆ ಮಣಿ ಸುಳ್ಳೇ ಹೇಳಿದ್ದು, ತಾತ.’

‘ಹಾಗೇ ಇರಬೇಕು’ ಅಂದರು ಅಪ್ಪ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದರು. ‘ಇಲ್ಲಾಂದ್ರೆ ಬಾಗಿಲ ನಂಬರು ಕೇಳಿರಬಹುದು.’